ವನವಾಸಿಯಿಂದ ಮುಂಡಗೋಡಕ್ಕೆ: ಬೌದ್ಧ ಸಾಕ್ಷ್ಯಚಿತ್ರಗಳೂ ನಮ್ಮ ಜಿಲ್ಲೆಯ ಇತಿಹಾಸವೂ

೧

ಬೌದ್ಧಧರ್ಮ, ಧ್ಯಾನ, ಆರೋಗ್ಯಕರವಾದ ಜೀವನಕ್ರಮ—ಈ ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ತೋರಿಸುವ ಸಾಕ್ಷ್ಯಚಿತ್ರಗಳು ಕಳೆದ ಐದು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ವಿಪುಲವಾಗಿ ನಿರ್ಮಿತವಾಗಿವೆ. ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಾಲೇಜು ವಿದ್ಯಾರ್ಥಿಗಳಿಗೂ ಇಂದು ಅವು ಸುಲಭವಾಗಿ ದೊರೆಯುತ್ತವೆ. ಬೌದ್ಧಧರ್ಮದ ವಿಷಯವಾಗಿ ಅವರ ತಿಳಿವಳಿಕೆಯು ಪಠ್ಯಪುಸ್ತಕದಿಂದ ಎಷ್ಟೋ, ಈ ಚಿತ್ರಗಳಿಂದಲೂ ಅಷ್ಟೇ ರೂಪುಗೊಳ್ಳುತ್ತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಆದುದರಿಂದ ಇತಿಹಾಸದ ಅಧ್ಯಾಪಕರಾದ ನಾವು ಇವುಗಳನ್ನು ಕೇವಲ ವಿನೋದದ ಸಾಮಗ್ರಿಯೆಂದು ಬದಿಗೊತ್ತುವುದು ಯುಕ್ತವಲ್ಲ.

ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಕಥನಕ್ರಮವೊಂದುಂಟು. ಮೊದಲು ಹಿಮಾಚ್ಛಾದಿತವಾದ ಪರ್ವತ. ಅನಂತರ ಪಾಶ್ಚಾತ್ಯ ನಗರದ ಧ್ಯಾನಮಂದಿರ ಅಥವಾ ಚಿಕಿತ್ಸಾಲಯ. ಧರ್ಮವು ಆ ಶಿಖರದಿಂದ ಈ ನಗರಕ್ಕೆ ನೇರವಾಗಿ ಹಾರಿ ಬಂದಿತೋ ಎಂಬಂತೆ ನೋಡುವವನಿಗೆ ಭಾಸವಾಗುತ್ತದೆ. ನಡುವಣ ದಾರಿ ಯಾವುದು, ಆ ದಾರಿಯಲ್ಲಿ ಧರ್ಮವನ್ನು ಹೊತ್ತವರು ಎಲ್ಲಿ ತಂಗಿದರು, ಯಾರ ನೆಲದಲ್ಲಿ ಉತ್ತು ಬಿತ್ತಿದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಅಪೂರ್ವ. ಆ ದಾರಿಯ ಒಂದು ಮುಖ್ಯವಾದ ತಂಗುದಾಣವು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಶಿರಸಿ ಮತ್ತು ಯಲ್ಲಾಪುರ ತಾಲ್ಲೂಕುಗಳ ಮಗ್ಗುಲಿನ ಮುಂಡಗೋಡದಲ್ಲಿ ಇದೆ. ಅಷ್ಟೇ ಅಲ್ಲ; ಈ ಪ್ರದೇಶವು ಬೌದ್ಧಧರ್ಮವನ್ನು ಬರಮಾಡಿಕೊಂಡು ಮತ್ತೆ ಹೊರದೇಶಕ್ಕೆ ಕಳುಹಿಸಿಕೊಟ್ಟದ್ದು ಇದು ಎರಡನೆಯ ಸಲ. ಈ ಸಂಗತಿಯನ್ನು ಸಾಧಾರವಾಗಿ ನಿರೂಪಿಸಿ, ಸಾಕ್ಷ್ಯಚಿತ್ರಗಳನ್ನು ಇತಿಹಾಸಕಾರನು ಹೇಗೆ ಓದಬೇಕೆಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲನೆಯ ಸಲದ ವೃತ್ತಾಂತವು ಬನವಾಸಿಗೆ ಸಂಬಂಧಿಸಿದುದು. ಶಿರಸಿ ತಾಲ್ಲೂಕಿನ ಈ ಗ್ರಾಮವು ಕದಂಬರ ರಾಜಧಾನಿಯೆಂದು ಎಲ್ಲರಿಗೂ ಪರಿಚಿತ. ಕದಂಬರಿಗೂ ಹಿಂದೆ ಅದಕ್ಕೆ ಬೌದ್ಧ ಜಗತ್ತಿನಲ್ಲಿದ್ದ ಸ್ಥಾನವು ಅಷ್ಟು ಪರಿಚಿತವಲ್ಲ. ಅಶೋಕನ ಕಾಲದಲ್ಲಿ ಮೊಗ್ಗಲಿಪುತ್ತ ತಿಸ್ಸನು ನಾನಾ ದೇಶಗಳಿಗೆ ಧರ್ಮಪ್ರಚಾರಕರನ್ನು ಕಳುಹಿಸಿದನೆಂದೂ ಅವರಲ್ಲಿ ರಕ್ಖಿತನೆಂಬ ಸ್ಥವಿರನು ವನವಾಸಕ್ಕೆ ಬಂದನೆಂದೂ ಸಿಂಹಳದ ಮಹಾವಂಸವು ಹೇಳುತ್ತದೆ. ಈ ವನವಾಸವೇ ಬನವಾಸಿಯ ಸೀಮೆಯೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅಲ್ಲಿ ಅರುವತ್ತು ಸಾವಿರ ಜನ ಧರ್ಮವನ್ನು ಸ್ವೀಕರಿಸಿದರು, ಐನೂರು ವಿಹಾರಗಳು ಸ್ಥಾಪಿತವಾದವು ಎಂಬ ಸಂಖ್ಯೆಗಳನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ. ಗ್ರಂಥವು ಆ ಘಟನೆಗಳಿಂದ ಏಳೆಂಟು ಶತಮಾನಗಳಷ್ಟು ಈಚಿನದು. ಸಂಖ್ಯೆಯನ್ನು ಬಿಟ್ಟು ಸಂಬಂಧವನ್ನು ಮಾತ್ರ ಗ್ರಹಿಸಿದರೆ ಸಾಕು.

ಅದೇ ಮಹಾವಂಸವು ಇನ್ನೊಂದು ಮಾತನ್ನೂ ಹೇಳುತ್ತದೆ. ದುಟ್ಠಗಾಮಣಿ ರಾಜನು ಅನುರಾಧಪುರದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲಿಡುವಾಗ ನಾನಾ ದೇಶಗಳಿಂದ ನೆರೆದ ಭಿಕ್ಷುಸಂಘಗಳಲ್ಲಿ ವನವಾಸದಿಂದ ಹೋದ ಚಂದಗುತ್ತ ಸ್ಥವಿರನ ಪರಿವಾರವೂ ಒಂದು. ಇಲ್ಲಿಯೂ ಸಂಖ್ಯೆಯು ಉತ್ಪ್ರೇಕ್ಷಿತವೇ. ಆದರೆ ಧರ್ಮವು ವನವಾಸಕ್ಕೆ ಬಂದಿತೆಂಬುದರ ಜತೆಗೆ ವನವಾಸದಿಂದ ಸಮುದ್ರವನ್ನು ದಾಟಿ ಹೋಯಿತೆಂಬ ನೆನಪನ್ನೂ ಸಿಂಹಳದ ಭಿಕ್ಷುಗಳು ಉಳಿಸಿಕೊಂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಗ್ರಂಥಸ್ಥ ಪರಂಪರೆಯನ್ನು ಶಾಸನಗಳು ಪುಷ್ಟೀಕರಿಸುತ್ತವೆ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಾಲಯದಲ್ಲಿ, ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಮಂದಿರವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂಬ ಅರ್ಥದ ಲೇಖವಿದೆ. ವೈಜಯಂತಿ ಎಂಬುದು ಬನವಾಸಿಯ ಹೆಸರು. ಆಂಧ್ರದ ನಾಗಾರ್ಜುನಕೊಂಡದಲ್ಲಿ ಬೋಧಿಸಿರಿ ಎಂಬ ಉಪಾಸಿಕೆ ಸಿಂಹಳದ ಆಚಾರ್ಯರಿಗಾಗಿ ಚೈತ್ಯಗೃಹವನ್ನು ಕಟ್ಟಿಸಿದಳು. ಆ ಆಚಾರ್ಯರು ಧರ್ಮದ ಪ್ರಸನ್ನತೆಯನ್ನುಂಟುಮಾಡಿದ ದೇಶಗಳ ಪಟ್ಟಿಯಲ್ಲಿ ಕಾಶ್ಮೀರ, ಗಾಂಧಾರ, ಚೀನಗಳೊಡನೆ ವನವಾಸಿಯೂ ಸೇರಿದೆ. ಅದೇ ಸ್ಥಳದ ಇನ್ನೊಂದು ಶಾಸನವು ಇಕ್ಷ್ವಾಕು ವೀರಪುರುಷದತ್ತನ ಮಗಳೂ ವನವಾಸದ ಮಹಾರಾಜನ ರಾಣಿಯೂ ಆದ ಕೊಡಬಲಿಸಿರಿಯು ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರವನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗಶಿಲೆಯ ಪ್ರಾಕೃತ ಲೇಖವು ಚುಟು ವಂಶದ ಸಾತಕರ್ಣಿಯ ಕಾಲದ್ದು. ರಾಜಕುಮಾರಿಯೊಬ್ಬಳು ನಾಗಪ್ರತಿಮೆ, ಕೆರೆ ಮತ್ತು ವಿಹಾರಗಳನ್ನು ದಾನಮಾಡಿದುದು ಅದರಲ್ಲಿ ಉಕ್ತವಾಗಿದೆ. ವಿಹಾರ ಶಬ್ದವು ಅಲ್ಲಿ ಬೌದ್ಧ ನಿವಾಸವನ್ನೇ ಸೂಚಿಸುತ್ತದೆಯೇ ಎಂಬಲ್ಲಿ ಮತಭೇದಕ್ಕೆ ಅವಕಾಶವಿದೆ. ಆದರೆ ಈ ಎಲ್ಲ ಆಧಾರಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಶ್ರೇಷ್ಠಿಗಳು, ರಾಣಿಯರು, ಭಿಕ್ಷುಗಳು ಈ ಮೂವರ ಸಂಚಾರದಿಂದ ಬನವಾಸಿಯು ಪಶ್ಚಿಮ ತೀರ, ಕೃಷ್ಣಾ ಕಣಿವೆ ಮತ್ತು ಸಿಂಹಳಗಳೊಡನೆ ಬೆಸೆದುಕೊಂಡಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈ ಪರಂಪರೆಯು ಒಮ್ಮೆಲೇ ಕಡಿದುಹೋಗಲಿಲ್ಲ. ಸಿದ್ಧಾಪುರದಿಂದ ಪೂರ್ವಕ್ಕೆ, ಸೊರಬದಾಚೆಗಿನ ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ಚಾಲುಕ್ಯ ಆಹವಮಲ್ಲನ ಅಧಿಕಾರಿಯಾದ ರೂಪಭಟ್ಟಯ್ಯನು ಜಯಂತೀ ಬೌದ್ಧ ವಿಹಾರವನ್ನು ಮಾಡಿಸಿದನು. ಡಂಬಳದಲ್ಲಿ ೧೦೯೫ರಲ್ಲಿಯೂ ತಾರಾಭಗವತಿಯ ಪೂಜೆ ನಡೆಯುತ್ತಿತ್ತು. ಅನಂತರ ಕನ್ನಡ ನಾಡಿನಲ್ಲಿ ಬೌದ್ಧ ಸಂಘವು ಕ್ರಮೇಣ ಕಣ್ಮರೆಯಾಯಿತು.

೩

ಎರಡನೆಯ ಸಲದ ವೃತ್ತಾಂತವು ೧೯೫೯ರಿಂದ ಆರಂಭವಾಗುತ್ತದೆ. ಆ ವರ್ಷ ದಲಾಯಿ ಲಾಮಾ ಅವರು ಭಾರತದ ಆಶ್ರಯವನ್ನು ಪಡೆದರು. ಅವರ ಹಿಂದೆ ಬಂದ ಸಹಸ್ರಾರು ನಿರಾಶ್ರಿತರಲ್ಲಿ ಲಾಸಾದ ಸಮೀಪದ ಮೂರು ಮಹಾವಿದ್ಯಾಪೀಠಗಳಾದ ಗಾಂದೆನ್, ಡ್ರೆಪುಂಗ್, ಸೆರಾಗಳ ಭಿಕ್ಷುಗಳೂ ಇದ್ದರು. ಗಾಂದೆನ್ ೧೪೦೯ರಲ್ಲಿಯೂ ಡ್ರೆಪುಂಗ್ ೧೪೧೬ರಲ್ಲಿಯೂ ಸ್ಥಾಪಿತವಾದವುಗಳು. ವಿದ್ಯೆಯು ನಾಶವಾಗಬಾರದೆಂಬ ಉದ್ದೇಶದಿಂದ ಸುಮಾರು ೧೫೦೦ ಮಂದಿ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಒಟ್ಟುಗೂಡಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಬಂಧನಕ್ಕೆ ಬಳಕೆಯಾಗಿದ್ದ ಸ್ಥಳವದು. ಅಲ್ಲಿಯ ಉಷ್ಣ ಮತ್ತು ಆರ್ದ್ರ ಹವೆಯಲ್ಲಿ ಕ್ಷಯರೋಗವು ಅನೇಕರನ್ನು ಬಲಿತೆಗೆದುಕೊಂಡಿತು. ಉಳಿದವರು ಪಾಠವನ್ನೂ ವಾದವನ್ನೂ ನಿಲ್ಲಿಸಲಿಲ್ಲ.

ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಮೊದಲು ಭೂಮಿಯನ್ನು ಕೊಟ್ಟಿತು. ೧೯೬೬ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದಲ್ಲಿ ಡೋಗುಲಿಂಗ್ ಎಂಬ ವಸತಿಯು ಆರಂಭವಾಯಿತು. ಅದಕ್ಕೆ ದೊರೆತ ನೆಲವು ಸುಮಾರು ೪೦೦೦ ಎಕರೆ. ಅದರಲ್ಲಿ ಹೆಚ್ಚಿನದು ಕಾಡು. ೧೯೬೯-೭೦ರ ಸುಮಾರಿಗೆ ಬಕ್ಸಾದಿಂದ ಬಂದ ಭಿಕ್ಷುಗಳಲ್ಲಿ ಸೆರಾದವರು ಬೈಲಕುಪ್ಪೆಯಲ್ಲಿಯೂ ಗಾಂದೆನ್ ಮತ್ತು ಡ್ರೆಪುಂಗ್‌ನವರು ಮುಂಡಗೋಡದಲ್ಲಿಯೂ ನೆಲೆಸಿದರು. ಎತ್ತರದ ಶೀತಭೂಮಿಯಲ್ಲಿ ಗ್ರಂಥಾಧ್ಯಯನದಲ್ಲಿಯೇ ಆಯುಷ್ಯವನ್ನು ಕಳೆದವರು ಇಲ್ಲಿ ಕಾಡು ಕಡಿದರು, ಭತ್ತ ಮತ್ತು ಮೆಕ್ಕೆಜೋಳವನ್ನು ಬೆಳೆದರು, ಹಗಲು ದುಡಿದು ಇರುಳು ಶಾಸ್ತ್ರವನ್ನು ಚರ್ಚಿಸಿದರು. ಮಲೆನಾಡಿನ ಸೆರಗಿನ ಈ ಹೊಲಗಳಲ್ಲಿಯೇ ಆ ವಿದ್ಯಾಪರಂಪರೆಯು ಪುನಃ ಬೇರುಬಿಟ್ಟಿತು.

ಆ ವಿದ್ಯೆಯ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಗೆಶೆ ಎಂಬ ಪದವಿಗೆ ಸುಮಾರು ಇಪ್ಪತ್ತು ವರ್ಷಗಳ ಅಧ್ಯಯನ ಬೇಕು. ಪ್ರಮಾಣಶಾಸ್ತ್ರದಲ್ಲಿ ಅದರ ಮುಖ್ಯ ಆಕರವು ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಈ ಧರ್ಮಕೀರ್ತಿಯ ಮತವನ್ನು ಎಂಟನೆಯ ಶತಮಾನದಲ್ಲಿ ತೀಕ್ಷ್ಣವಾಗಿ ವಿಮರ್ಶಿಸಿದ ಜೈನ ತಾರ್ಕಿಕನು ಅಕಲಂಕ. ಶಿರಸಿ ತಾಲ್ಲೂಕಿನ ಸೋಂದೆಯ ಜೈನಮಠದ ಪೀಠಾಧಿಪತಿಗಳು ಇಂದಿಗೂ ಭಟ್ಟಾಕಲಂಕರೆಂಬ ಹೆಸರನ್ನು ಧರಿಸುತ್ತಾರೆ. ಅದೇ ಸೋಂದೆಯಲ್ಲಿ ದ್ವೈತ ವೇದಾಂತದ ವಾದಿರಾಜರ ಬೃಂದಾವನವೂ, ಅದರ ಸಮೀಪದಲ್ಲಿ ಅದ್ವೈತ ಪರಂಪರೆಯ ಸ್ವರ್ಣವಲ್ಲಿ ಮಠವೂ ಇವೆ. ಮುಂಡಗೋಡದ ಅಂಗಳದಲ್ಲಿ ಕೈ ತಟ್ಟಿ ಪೂರ್ವಪಕ್ಷವನ್ನೊಡ್ಡುವ ತರುಣ ಭಿಕ್ಷುವನ್ನು ವಿದೇಶೀಯ ಛಾಯಾಗ್ರಾಹಕನು ವಿಚಿತ್ರವೆಂದು ಚಿತ್ರಿಸಬಹುದು. ನಮ್ಮ ಸೀಮೆಗೆ ಅದು ವಿಚಿತ್ರವಲ್ಲ. ಒಂದು ಹಳೆಯ ವಾದದ ಎದುರುಕಕ್ಷಿಯು ಬಹುಕಾಲದ ಮೇಲೆ ನೆರೆಮನೆಗೆ ಹಿಂತಿರುಗಿ ಬಂದಂತೆ.

೪

ಇನ್ನು ಪಶ್ಚಿಮದ ಕಡೆಗೆ ತಿರುಗೋಣ. ಪಾಶ್ಚಾತ್ಯರಲ್ಲಿ ಬೌದ್ಧಧರ್ಮದ ಪರಿಚಯವು ಮೊದಲು ಗ್ರಂಥಗಳ ಮೂಲಕ ಆಯಿತು. ೧೮೮೧ರಲ್ಲಿ ಲಂಡನ್ನಿನಲ್ಲಿ ರೀಸ್ ಡೇವಿಡ್ಸ್ ಪಾಲಿ ಗ್ರಂಥ ಸಂಘವನ್ನು ಸ್ಥಾಪಿಸಿದರು. ೧೮೯೩ರ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರೊಡನೆ ಸಿಂಹಳದ ಅನಾಗಾರಿಕ ಧರ್ಮಪಾಲರೂ ಮಾತನಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಡಿ. ಟಿ. ಸುಜುಕಿಯವರ ಬರಹಗಳಿಂದ ಝೆನ್ ಪಂಥವು ಪ್ರಚಾರಕ್ಕೆ ಬಂದಿತು. ಟಿಬೆಟಿನ ಪರಂಪರೆಯು ವ್ಯಾಪಕವಾಗಿ ತಲುಪಿದುದು ೧೯೫೯ರ ಅನಂತರವೇ. ಅದನ್ನು ಕಲಿಸಬಲ್ಲ ಆಚಾರ್ಯರನ್ನು ತಯಾರಿಸಿದ ಕೇಂದ್ರಗಳಲ್ಲಿ ಮುಂಡಗೋಡ ಮತ್ತು ಬೈಲಕುಪ್ಪೆಗಳು ಅಗ್ರಗಣ್ಯವಾದವು.

ಒಂದು ಉದಾಹರಣೆ ಸಾಕು. ಡ್ರೆಪುಂಗಿನ ಲೋಸೆಲಿಂಗ್ ವಿದ್ಯಾಲಯವು ೧೯೯೧ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ತನ್ನ ಕೇಂದ್ರವನ್ನು ತೆರೆಯಿತು; ೧೯೯೮ರಲ್ಲಿ ಎಮೊರಿ ವಿಶ್ವವಿದ್ಯಾನಿಲಯದೊಡನೆ ಅದಕ್ಕೆ ಶೈಕ್ಷಣಿಕ ಸಂಬಂಧವೇರ್ಪಟ್ಟಿತು. ಆದರೆ ಹರಿವು ಒಂದೇ ದಿಕ್ಕಿನದಲ್ಲ. ಅದೇ ವಿಶ್ವವಿದ್ಯಾನಿಲಯದ ನೆರವಿನಿಂದ ಜೀವಶಾಸ್ತ್ರ, ನರವಿಜ್ಞಾನ, ಭೌತಶಾಸ್ತ್ರಗಳ ಪಾಠವು ದಕ್ಷಿಣದ ಈ ವಿಹಾರಗಳನ್ನು ಪ್ರವೇಶಿಸಿತು. ೨೦೧೩ರ ಜನವರಿ ೧೭ರಿಂದ ೨೨ರ ವರೆಗೆ ಮೈಂಡ್ ಅಂಡ್ ಲೈಫ್ ಸಂಸ್ಥೆಯ ಸಂವಾದವು ಡ್ರೆಪುಂಗ್‌ನಲ್ಲಿಯೇ ಜರುಗಿ, ಮಿದುಳು, ಮನಸ್ಸು, ಜಡವಸ್ತುಗಳ ವಿಷಯದಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ಎದುರುಬದುರಾಗಿ ಕುಳಿತು ಚರ್ಚಿಸಿದರು. ೨೦೧೬ರ ಡಿಸೆಂಬರಿನಲ್ಲಿ ಇಪ್ಪತ್ತು ಮಂದಿ ಭಿಕ್ಷುಣಿಯರಿಗೆ ಗೆಶೆಮಾ ಪದವಿಯು ಪ್ರದಾನವಾದುದೂ ಮುಂಡಗೋಡದಲ್ಲಿಯೇ. ಅದಕ್ಕೆ ಐದು ವರ್ಷ ಮೊದಲು, ೨೦೧೧ರಲ್ಲಿ, ಧರ್ಮಶಾಲೆಯಲ್ಲಿ ಗೆಶೆ ಪದವಿಯನ್ನು ಪಡೆದ ಪ್ರಥಮ ಮಹಿಳೆಯಾದ ಕೆಲ್ಸಾಂಗ್ ವಾಂಗ್ಮೊ ಜರ್ಮನ್ ಮೂಲದವರೆಂಬುದು ಇಲ್ಲಿ ಸ್ಮರಣೀಯ. ಪಶ್ಚಿಮಕ್ಕೆ ಹೋದ ಧರ್ಮವು ಪಶ್ಚಿಮದ ಪ್ರಶ್ನೆಗಳನ್ನು ಹೊತ್ತು ಹಿಂದಿರುಗುತ್ತಿದೆ.

೫

ಸಾಕ್ಷ್ಯಚಿತ್ರಗಳು ಇದರಲ್ಲಿ ಎಷ್ಟನ್ನು ಹಿಡಿದಿವೆ? ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬಹುದು.

ಮೊದಲನೆಯ ಬಗೆಯು ಸಮುದಾಯದ ಜೀವನವನ್ನು ಚಿತ್ರಿಸುವುದು. ಗ್ರಹಾಮ್ ಕೋಲ್ಮನ್ ಅವರ ೧೯೭೯ರ ಟಿಬೆಟ್ ಚಿತ್ರತ್ರಯದಲ್ಲಿ ಬೈಲಕುಪ್ಪೆಯ ಸೆರಾ ವಿಹಾರವಿದೆ. ರೀತು ಸರೀನ್ ಮತ್ತು ತೆನ್‌ಜಿಂಗ್ ಸೋನಂ ಅವರು ೧೯೯೧ರಲ್ಲಿ ಹೊರತಂದ ‘ದಿ ರಿಇನ್ಕಾರ್ನೇಷನ್ ಆಫ್ ಖೆನ್ಸುರ್ ರಿಂಪೋಚೆ’ ಎಂಬ ಚಿತ್ರವು ನಮ್ಮ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು. ಖೆನ್ಸುರ್ ಎಂದರೆ ನಿವೃತ್ತ ಪೀಠಾಧಿಪತಿ. ದಕ್ಷಿಣ ಭಾರತದ ಡ್ರೆಪುಂಗಿನ ಮಧ್ಯವಯಸ್ಕ ಭಿಕ್ಷುವೊಬ್ಬನು ತನ್ನ ಮೃತ ಗುರುವಿನ ಪುನರವತಾರವೆಂದು ನಿರ್ಣಯಿಸಲ್ಪಟ್ಟ ನಾಲ್ಕು ವರ್ಷದ ಬಾಲಕನನ್ನು ಟಿಬೆಟಿನಿಂದ ಬರಮಾಡಿಕೊಂಡು ಸಾಕುವುದೇ ಅದರ ವಸ್ತು. ಗುರುವನ್ನು ಸೇವಿಸಿದ ಶಿಷ್ಯನೇ ಈಗ ಗುರುವಿಗೆ ಅನ್ನವನ್ನು ಕಲಸಿ ತಿನ್ನಿಸಬೇಕಾಗಿದೆ. ಪುನರ್ಜನ್ಮವನ್ನು ನಾವು ನಂಬಲಿ ಬಿಡಲಿ, ನಿರಾಶ್ರಿತ ಸಮಾಜವೊಂದು ತನ್ನ ವಿದ್ಯಾಧಿಕಾರವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವ ಕ್ರಮವು ಅಲ್ಲಿ ಕಣ್ಣಿಗೆ ಕಟ್ಟುವಂತೆ ತೋರುತ್ತದೆ. ಯಾವ ವರದಿಯಿಂದಲೂ ನಮಗೆ ಈ ಬಗೆಯ ಆಧಾರ ಲಭಿಸದು.

ಎರಡನೆಯ ಬಗೆಯು ಧ್ಯಾನವನ್ನು ಆರೋಗ್ಯದ ಉಪಾಯವಾಗಿ ತೋರಿಸುವುದು. ಜಾನ್ ಕಬಾಟ್-ಜಿನ್ ಅವರು ೧೯೭೯ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿದ್ಯಾಲಯದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಎಂಟು ವಾರಗಳ ಸ್ಮೃತಿಸಾಧನೆಯ ಶಿಕ್ಷಣಕ್ರಮವನ್ನು ರೂಪಿಸಿದರು. ಬಿಲ್ ಮೊಯರ್ಸ್ ಅವರ ೧೯೯೩ರ ‘ಹೀಲಿಂಗ್ ಅಂಡ್ ದಿ ಮೈಂಡ್’ ಚಿತ್ರಮಾಲೆಯು ಅದನ್ನು ಅಮೆರಿಕದ ಮನೆಮನೆಗೆ ಪರಿಚಯಿಸಿತು. ೧೯೯೭ರಲ್ಲಿ ಬಂದ ‘ಡೂಯಿಂಗ್ ಟೈಮ್, ಡೂಯಿಂಗ್ ವಿಪಸ್ಸನಾ’ ಎಂಬ ಚಿತ್ರವು ದೆಹಲಿಯ ತಿಹಾರ್ ಸೆರೆಮನೆಯಲ್ಲಿ ನಡೆದ ವಿಪಶ್ಯನಾ ಶಿಬಿರವನ್ನು ಚಿತ್ರಿಸಿತು. ೨೦೨೨ರ ‘ತುಕ್‌ದಮ್: ಬಿಟ್ವೀನ್ ವರ್ಲ್ಡ್ಸ್’ ಚಿತ್ರವು ಮರಣಾನಂತರವೂ ಧ್ಯಾನದಲ್ಲಿ ಇರುವರೆಂದು ಟಿಬೆಟನ್ನರು ನಂಬುವ ಸಾಧಕರನ್ನೂ ಅವರ ಮೇಲೆ ನಡೆದ ವೈಜ್ಞಾನಿಕ ಶೋಧನೆಯನ್ನೂ ಕುರಿತದ್ದು. ಆ ಶೋಧನೆಯ ೨೦೨೧ರ ಪ್ರಕಟಿತ ಫಲಿತಾಂಶವಾದರೋ, ಮೃತರೆಂದು ಘೋಷಿತರಾದವರಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆಯು ಕಂಡುಬರಲಿಲ್ಲವೆಂಬುದು. ಚಿತ್ರದ ಪ್ರಭಾವವೇ ಬೇರೆ, ಪ್ರಮಾಣವೇ ಬೇರೆ. ಧರ್ಮಕೀರ್ತಿಯ ವಿದ್ಯಾರ್ಥಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆರೋಗ್ಯದ ವಿಷಯದಲ್ಲಿ ಈ ಚಿತ್ರಗಳು ಸಾಮಾನ್ಯವಾಗಿ ಬಿಡುವ ಮಾತೊಂದಿದೆ. ಟಿಬೆಟಿನವರಿಗೆ ತಮ್ಮದೇ ಆದ ವೈದ್ಯಪದ್ಧತಿಯುಂಟು. ಸೋವಾ ರಿಗ್ಪಾ ಎಂಬ ಹೆಸರಿನ ಈ ಪದ್ಧತಿಗೆ ಭಾರತ ಸರ್ಕಾರವು ೨೦೧೦ರಲ್ಲಿ ಶಾಸನಬದ್ಧವಾದ ಮಾನ್ಯತೆಯನ್ನು ಕೊಟ್ಟಿತು. ಮುಂಡಗೋಡದಲ್ಲಿ ಅದರ ಚಿಕಿತ್ಸಾಲಯವಿದೆ. ಅದರ ತ್ರಿದೋಷ ವಿಚಾರವು ನಮ್ಮ ವಾತ, ಪಿತ್ತ, ಕಫಗಳಿಗೆ ಸಮೀಪವಾಗಿರುವುದು ಆಕಸ್ಮಿಕವಲ್ಲ. ಶಿರಸಿ, ಸಿದ್ಧಾಪುರಗಳ ವೈದ್ಯರು ಯಾವ ವಾಗ್ಭಟನ ಅಷ್ಟಾಂಗಹೃದಯವನ್ನು ಪ್ರಮಾಣವೆಂದು ಉದ್ಧರಿಸುತ್ತಾರೋ ಅದೇ ಗ್ರಂಥವು ಹನ್ನೊಂದನೆಯ ಶತಮಾನದಲ್ಲಿ ರಿಂಚೆನ್ ಜಾಂಗ್ಪೊ ಎಂಬ ಅನುವಾದಕನಿಂದ ಟಿಬೆಟನ್ ಭಾಷೆಗೆ ಪರಿವರ್ತಿತವಾಗಿತ್ತು. ಅಲ್ಲಿ ಆಹಾರ, ಋತುಚರ್ಯೆ, ನಡತೆ, ಮನಸ್ಸು ಇವು ಒಂದರೊಡನೊಂದು ಹೆಣೆದುಕೊಂಡಿವೆ. ಆ ಹೆಣಿಗೆಯಿಂದ ಧ್ಯಾನದ ಒಂದೇ ಎಳೆಯನ್ನು ಹೊರಗೆಳೆದು ಔಷಧದಂತೆ ಕೊಡುವುದರಿಂದ ರೋಗಿಗೆ ಉಪಕಾರವಾಗಬಹುದು. ಆದರೆ ಆ ಎಳೆಯೇ ಬಟ್ಟೆಯೆಂದು ತಿಳಿಯಬಾರದು.

೬

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಸಾಕ್ಷ್ಯವಿದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ಇತಿಹಾಸಕಾರನ ಧರ್ಮ. ಶಾಸನವೊಂದು ಕೈಗೆ ಬಂದಾಗ ನಾವು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು: ಇದನ್ನು ಬರೆಯಿಸಿದವರು ಯಾರು, ಯಾರ ಓದಿಗಾಗಿ, ಯಾವುದನ್ನು ಹೊಗಳಿದೆ, ಯಾವುದನ್ನು ಹೇಳದೆ ಬಿಟ್ಟಿದೆ? ಕಾರ್ಲೆಯ ಲೇಖದಲ್ಲಿ ಭೂತಪಾಲನ ಹೆಸರಿದೆ; ಬಂಡೆಯನ್ನು ಕೊರೆದ ಕೈಗಳನ್ನು ಆ ಸಾಲು ನೆನೆಯುವುದಿಲ್ಲ. ಬನವಾಸಿಯ ನಾಗಶಿಲೆಯಲ್ಲಾದರೋ ಅದನ್ನು ಕಡೆದ ನಟಕನೆಂಬ ಶಿಲ್ಪಿಯ ಹೆಸರೂ ಅವನ ಗುರುವಿನ ಹೆಸರೂ ಉಳಿದಿವೆ. ಒಳ್ಳೆಯ ಸಾಕ್ಷ್ಯಕ್ಕೂ ಸಾಮಾನ್ಯ ಸಾಕ್ಷ್ಯಕ್ಕೂ ಇರುವ ಅಂತರವು ಇದೇ.

ಈ ನಿಕಷವನ್ನು ಒಡ್ಡಿದಾಗ ಮುಂಡಗೋಡದ ಚಿತ್ರಣದಲ್ಲಿ ಎದ್ದು ಕಾಣುವ ಕೊರತೆಯು ನೆರೆಹೊರೆಯದು. ಭಿಕ್ಷುವಿನ ಮುಖವಿದೆ, ಆಚಾರ್ಯನ ಉಪದೇಶವಿದೆ, ಪಾಶ್ಚಾತ್ಯ ಶಿಷ್ಯನ ಅನುಭವವಿದೆ. ಕಾಡು ಹೊಲವಾದ ಬಗೆ, ಹೊಸಬರಿಗೆ ಇಲ್ಲಿಯ ಮಳೆ ಮಣ್ಣುಗಳ ಪರಿಚಯವಾದ ಬಗೆ, ಸಂತೆಯಲ್ಲಿ ಕನ್ನಡವು ಇಬ್ಬರ ನಡುವಣ ಮಾತಾದ ಬಗೆ, ನೀರು ನೆಲಗಳಿಗಾಗಿ ಬರುವ ಸಹಜವಾದ ತಿಕ್ಕಾಟಗಳು ಮತ್ತು ಅವುಗಳ ಪರಿಹಾರ—ಇವು ಚೌಕಟ್ಟಿನ ಹೊರಗುಳಿದಿವೆ. ಹೊರದೇಶದ ಪ್ರೇಕ್ಷಕನಿಗಾಗಿ ತೆಗೆದ ಚಿತ್ರದಲ್ಲಿ ಇವು ಇಲ್ಲದಿರುವುದು ಆಶ್ಚರ್ಯವಲ್ಲ; ಅದಕ್ಕಾಗಿ ಚಿತ್ರಕಾರನನ್ನು ದೂರಿ ಪ್ರಯೋಜನವೂ ಇಲ್ಲ. ಇದನ್ನು ಬರೆದಿಡಬೇಕಾದವರು ನಾವು.

ಕಾಲವಾದರೋ ಕಾಯುವುದಿಲ್ಲ. ೧೯೬೬ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ಎಂಬತ್ತರ ಗಡಿಯಲ್ಲಿದ್ದಾರೆ. ಟಿಬೆಟಿನ ನೆನಪನ್ನೂ ಮೊದಲ ಮಳೆಗಾಲದ ನೆನಪನ್ನೂ ಒಟ್ಟಿಗೆ ಹೇಳಬಲ್ಲವರ ತಲೆಮಾರು ಮುಗಿಯುತ್ತಲಿದೆ. ಅವರನ್ನು ಬರಮಾಡಿಕೊಂಡ ಕನ್ನಡಿಗ ಕೃಷಿಕರ ತಲೆಮಾರೂ ಅಷ್ಟೇ. ಬನವಾಸಿಯ ವಿಹಾರಗಳಲ್ಲಿದ್ದ ಭಿಕ್ಷುಗಳು ಊರವರೊಡನೆ ಹೇಗೆ ಬಾಳಿದರೆಂಬುದನ್ನು ತಿಳಿಸುವ ಒಂದು ಸಾಲೂ ನಮಗೆ ದಕ್ಕಿಲ್ಲ. ಸಿಂಹಳದ ಗ್ರಂಥ, ಕಾರ್ಲೆಯ ಬಂಡೆ, ನಾಗಾರ್ಜುನಕೊಂಡದ ಕಂಬ ಇವುಗಳಿಂದಲೇ ನಾವು ನಮ್ಮ ಊರಿನ ಕಥೆಯನ್ನು ಹೆಕ್ಕಿಕೊಳ್ಳಬೇಕಾಗಿ ಬಂದಿತು. ಎರಡನೆಯ ಸಲವೂ ಹಾಗೆಯೇ ಆಗಿ, ಮುಂದಿನವರು ಮುಂಡಗೋಡದ ಚರಿತ್ರೆಯನ್ನು ಅಟ್ಲಾಂಟಾದ ದಫ್ತರುಗಳಿಂದಲೂ ಪರದೇಶದ ಚಿತ್ರಸುರುಳಿಗಳಿಂದಲೂ ಹೆಕ್ಕುವಂತಾಗಬಾರದು.

ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಾಲೇಜುಗಳಿಗೆ ಮುಂಡಗೋಡವು ಹತ್ತಿರ. ಪ್ರತಿವರ್ಷವೂ ಅಂತಿಮ ತರಗತಿಯ ನಾಲ್ಕಾರು ವಿದ್ಯಾರ್ಥಿಗಳು ಅಲ್ಲಿಯ ವೃದ್ಧರ ಮತ್ತು ಸುತ್ತಲ ಹಳ್ಳಿಗಳ ಹಿರಿಯರ ಮಾತುಗಳನ್ನು, ಅವರ ಒಪ್ಪಿಗೆಯನ್ನು ಪಡೆದು, ಕನ್ನಡದಲ್ಲಿ ದಾಖಲಿಸಿ ಗ್ರಂಥಾಲಯದಲ್ಲಿಟ್ಟರೆ ಹತ್ತು ವರ್ಷಗಳಲ್ಲಿ ಒಂದು ಆಕರಸಂಗ್ರಹವೇ ಸಿದ್ಧವಾಗುತ್ತದೆ. ಇದಕ್ಕೆ ದೊಡ್ಡ ಧನಸಹಾಯವೂ ಬೇಡ, ದೊಡ್ಡ ಯಂತ್ರವೂ ಬೇಡ. ಕೇಳುವ ತಾಳ್ಮೆಯೊಂದಿದ್ದರೆ ಸಾಕು.